ಹೊಟ್ಟೆಪಾಡಿನ ಲೆಕ್ಕ ಮತ್ತು ಊರಿನ ರೇಷನ್ ಕಾರ್ಡು

ಪುಣೆ: ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಗೆ ಬಂದಿಳಿಯುವ ಕೂಲಿ ಕುಟುಂಬಗಳ ಗಂಟಿನಲ್ಲಿ ಬಟ್ಟೆಗಿಂತ ತಿನ್ನುವ ಸಾಮಾನೇ ಹೆಚ್ಚು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಜೋಳ. ಮೊದಲ ಪಗಾರ ಕೈಸೇರುವ ತನಕ ಅದೇ ಆಧಾರ. ‘ದುಡಿಯಾಕ ಹೋಗೂದು’ ಎಂಬುದೇ ಈ ಬದುಕಿಗೆ ಊರ ಕಡೆಯ ಹೆಸರು.

ಹೊಟ್ಟೆಪಾಡಿಗೆ ಕನಿಷ್ಠ ಎಷ್ಟು ಬೇಕು? ಈ ಬಗ್ಗೆ ದೇಶದಲ್ಲೇ ಹೆಸರಾದ ಒಂದು ಲೆಕ್ಕ ಸಿದ್ಧವಾದದ್ದೂ ಪುಣೆಯಲ್ಲೇ. ಇಲ್ಲಿನ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆಗೆ ದಿನಕ್ಕೆ 2,250 ಕ್ಯಾಲೊರಿ ಆಹಾರವನ್ನು ಆಧಾರವಾಗಿಟ್ಟು, 1960-61ರ ಬೆಲೆಯಲ್ಲಿ ಒಬ್ಬರಿಗೆ ತಿಂಗಳಿಗೆ ಹಳ್ಳಿಯಲ್ಲಿ 15 ರೂ., ಪಟ್ಟಣದಲ್ಲಿ 22.50 ರೂ. ಎಂದು ಗೆರೆ ಎಳೆದರು. ಹಳ್ಳಿ ಬಿಟ್ಟೊಡನೆ ಬದುಕು ಒಂದೂವರೆ ಪಟ್ಟು ದುಬಾರಿ ಎಂದಾಯಿತು.

ಆದರೆ ವಲಸೆ ಬಂದವರ ಸಂಸಾರ ಇಂಥ ಲೆಕ್ಕಕ್ಕೆ ಪೂರ್ತಿ ಸಿಗುವುದು ಕಷ್ಟ. ಹಿಂದೆ ಹೊಟೇಲು ಕೆಲಸಕ್ಕೆ ಬಂದ ಕರಾವಳಿಯ ಹುಡುಗರಿಗೆ ಸಂಬಳ ಅಲ್ಪವಾದರೂ ಊಟ, ಮಲಗುವ ಜಾಗ ಹೊಟೇಲಿನಲ್ಲೇ ಆಗುತ್ತಿತ್ತು. ಕೈಗೆ ಬಂದದ್ದು ಮನಿಯಾರ್ಡರಾಗಿ ಊರು ಸೇರುತ್ತಿತ್ತು. ಸಂಘದ ಹಿರಿಯ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡದ ಕೂಲಿಗೆ ಅಂಥ ಅಡುಗೆಮನೆ ಇಲ್ಲ. ಶೆಡ್ಡಿನ ಮುಂದೆ ಒಲೆ ಹೂಡಿ, ಅಕ್ಕಿ, ಎಣ್ಣೆ, ಸೌದೆ ಎಲ್ಲವನ್ನೂ ಕೊಂಡೇ ಉಣ್ಣಬೇಕು, ಕೆಲಸ ಸಿಗದ ದಿನವೂ. ಊರಲ್ಲಿದ್ದಾಗ ಬರುತ್ತಿದ್ದ ಪಡಿತರ, ರೈಲು ಹತ್ತಿದ ಕೂಡಲೇ ತಪ್ಪಿಹೋಗುತ್ತಿತ್ತು. ನಿಜವಾದ ಪೆಟ್ಟು ಅದು.

ಈಗ ಅದಕ್ಕೊಂದು ದಾರಿಯಿದೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರಲ್ಲೇ ಸೇರಿವೆ. ಆಧಾರ್ ಜೋಡಣೆಯಾದ ಊರಿನ ಬಿಪಿಎಲ್ ಕಾರ್ಡಿನ ಸಂಖ್ಯೆ ಹೇಳಿ ಬೆರಳಚ್ಚು ಕೊಟ್ಟರೆ, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯವನ್ನು ಪುಣೆಯ ರೇಷನ್ ಅಂಗಡಿಯಲ್ಲೂ ಪಡೆಯಬಹುದು. 2023ರ ಜನವರಿಯಿಂದ ಅದು ಉಚಿತ. ಊರಲ್ಲುಳಿದ ಅಜ್ಜ-ಅಜ್ಜಿ ತಮ್ಮ ಪಾಲನ್ನು ಅಲ್ಲೇ ಒಯ್ಯಲು ಅಡ್ಡಿಯಿಲ್ಲ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಕೊಡುವ ಹೆಚ್ಚುವರಿ ಸವಲತ್ತು ಮಾತ್ರ ಇಲ್ಲಿ ಸಿಗದು.

ತೊಡಕು ಇಲ್ಲದಿಲ್ಲ. ಸಿಮೆಂಟು ಕಲಸಿ ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋಗುವುದುಂಟು. ಮರಾಠಿ ಬಾರದವರು ಅಂಗಡಿಯವರ ಒಂದು ಮಾತಿಗೇ ಬರಿಗೈಯಲ್ಲಿ ಮರಳುತ್ತಾರೆ. ಎರಡೂ ಭಾಷೆ ಬಲ್ಲ ಸಂಘದ ಸದಸ್ಯರೊಬ್ಬರು ಮೊದಲ ಸಲ ಜೊತೆಗೆ ಹೋದರೆ, ಮುಂದಿನ ತಿಂಗಳು ಆ ಕುಟುಂಬದವರು ತಾವೇ ಹೋಗಿಬಂದಾರು.