ಟೇಪ್ ಕಿತ್ತರೂ ಅಂಟು ಹೋಗ್ತಿಲ್ವಾ?

ವಾರಗಟ್ಟಲೆ ಕೂತು ಪೇಂಟ್ ಮಾಡಿದ 1/72 ಸ್ಪಿಟ್‌ಫೈರ್ ವಿಮಾನದ ಮಾಡೆಲ್. ಮಾಸ್ಕಿಂಗ್ ಟೇಪ್ ಕಿತ್ತರೆ ರೆಕ್ಕೆ ಮೇಲೆಲ್ಲಾ ಜಿಗುಟು ಅಂಟು! ಟೇಪನ್ನು ದಿನಗಟ್ಟಲೆ ಹಾಗೇ ಬಿಟ್ಟರೆ ಹೀಗಾಗುತ್ತೆ. ಆಗ ಕೈ ಮೊದಲು ಹೋಗೋದು ನೇಲ್ ಪಾಲಿಶ್ ರಿಮೂವರ್ ಕಡೆಗೆ. ದಯವಿಟ್ಟು ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣದ ಜೊತೆ ಕೆಳಗಿನ ಪ್ಲಾಸ್ಟಿಕ್ಕೂ ಕರಗುತ್ತೆ. ಸ್ಯಾನಿಟೈಸರ್ ಕೂಡ ಬೇಡ, ಆಲ್ಕೋಹಾಲ್ ತಾಗಿದರೆ ಅಕ್ರಿಲಿಕ್ ಬಣ್ಣ ಎದ್ದುಬರಬಹುದು.

ಹೊಸ ಟೇಪಿನ ತುಂಡನ್ನೇ ಅಂಟಿನ ಮೇಲೆ ಮೆಲ್ಲಗೆ ಒತ್ತಿ, ಎತ್ತಿ. ಎಷ್ಟೋ ಸಲ ಅಷ್ಟಕ್ಕೇ ಅಂಟು ಅಂಟಿನ ಜೊತೆ ಬಂದುಬಿಡುತ್ತೆ. ಉಳಿದಿದ್ದಕ್ಕೆ ಪೆಟ್ರೋಲ್ ಲೈಟರಿಗೆ ತುಂಬುವ ನಾಫ್ತಾ: ಇಯರ್‌ಬಡ್ ತುದಿಗೆ ಒಂದೇ ಹನಿ, ಉಜ್ಜಬೇಡಿ, ಉರುಳಿಸಿ. ಪೂರ್ತಿ ಒಣಗಿದ ಅಕ್ರಿಲಿಕ್ ಸಾಮಾನ್ಯವಾಗಿ ತಡೆದುಕೊಳ್ಳುತ್ತೆ; ಎನಾಮಲ್ ಆದರೆ ಕರಗಬಹುದು. ಅದಕ್ಕೇ ವಿಮಾನದ ಅಡಿಭಾಗದಲ್ಲಿ ಮೊದಲು ಹಚ್ಚಿ ನೋಡಿ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಇರಬಾರದು.