ಅಹಿಚ್ಛತ್ರದ ವಲಸೆ: ಒಂದು ಐತಿಹ್ಯದ ಪ್ರಾಮಾಣ್ಯವಿಚಾರ

ಕದಂಬರ ಮಯೂರವರ್ಮನು ಉತ್ತರದೇಶದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ತುಳುನಾಡಿನ 32 ಗ್ರಾಮಗಳಲ್ಲಿ ನೆಲೆಗೊಳಿಸಿದನೆಂದು ಗ್ರಾಮಪದ್ಧತಿಯು ಹೇಳುತ್ತದೆ. ಈ ಮಾತು ಚರಿತ್ರೆಯೆಂಬಂತೆಯೇ ಅನೇಕರ ಬರೆಹಗಳಲ್ಲಿ ಸೇರಿಹೋಗಿದೆ. ಬಹುಕಾಲಾನಂತರದ ಗ್ರಂಥವೊಂದನ್ನು 4ನೆಯ ಶತಮಾನದ ಸಂಗತಿಗೆ ಸಾಕ್ಷಿಯಾಗಿ ಎಷ್ಟರಮಟ್ಟಿಗೆ ಅಂಗೀಕರಿಸಬಹುದೆಂಬುದೇ ಇಲ್ಲಿಯ ಪ್ರಶ್ನೆ.

ಮಯೂರನ ವೃತ್ತಾಂತವನ್ನು ವಿಸ್ತಾರವಾಗಿ ಹೇಳುವ ಪ್ರಾಚೀನ ಲೇಖವೆಂದರೆ ತಾಳಗುಂದದ ಸ್ತಂಭಶಾಸನ. ಕುಬ್ಜಕವಿಯು ಅದನ್ನು 5ನೆಯ ಶತಮಾನದಲ್ಲಿ, ಶಾಂತಿವರ್ಮನ ಆಳ್ವಿಕೆಯಲ್ಲಿ ರಚಿಸಿದನು. ಮಾನವ್ಯಗೋತ್ರದ ಮಯೂರಶರ್ಮನು ಗುರುವಿನೊಡನೆ ಕಂಚಿಗೆ ಅಧ್ಯಯನಕ್ಕೆ ಹೋದುದೂ, ಪಲ್ಲವರ ಕುದುರೆಸವಾರನೊಡನೆ ಕಲಹವಾಗಿ ಕತ್ತಿ ಹಿಡಿದುದೂ ಅಲ್ಲಿವೆ, ಅಹಿಚ್ಛತ್ರದ ಹೆಸರಿಲ್ಲ. ಕುಬ್ಜನೂ ಅರಸುಮನೆತನವನ್ನು ಸ್ತುತಿಸುವ ಕವಿಯೇ ಆದುದರಿಂದ, ಅವನ ಮೌನವೊಂದನ್ನೇ ನಂಬಿ ತೀರ್ಮಾನಿಸುವುದು ಯುಕ್ತವಲ್ಲ.

ಆದರೆ ಅದೇ ತಾಳಗುಂದದಲ್ಲಿ, ಸುಮಾರು ಏಳು ಶತಮಾನಗಳ ತರುವಾಯದ ಇನ್ನೊಂದು ಶಾಸನವಿದೆ. ದಕ್ಷಿಣದಲ್ಲಿ ಬ್ರಾಹ್ಮಣರೇ ದೊರೆಯದಿರಲು ಮುಕ್ಕಣ್ಣ ಕದಂಬನು ಅಹಿಚ್ಛತ್ರಕ್ಕೆ ಹೋಗಿ 32 ಕುಟುಂಬಗಳನ್ನು ತಂದು ಈ ಅಗ್ರಹಾರವನ್ನು ಸ್ಥಾಪಿಸಿದನೆಂದು ಅದರ ಹೇಳಿಕೆ. ಬ್ರಾಹ್ಮಣರೇ ಇರಲಿಲ್ಲವೆಂಬುದನ್ನು ಕುಬ್ಜನ ಶಾಸನವೇ ಅಲ್ಲಗಳೆಯುತ್ತದೆ: ಮಯೂರನ ಮನೆತನವೇ ವೇದಾಧ್ಯಯನನಿರತವಾದ ಬ್ರಾಹ್ಮಣಕುಲ. ಸಮೀಪದ ಮಳವಳ್ಳಿಯ ಪ್ರಾಕೃತಶಾಸನದಲ್ಲಿ, ಕದಂಬರಿಗೂ ಹಿಂದಿನ ಸಾತಕರ್ಣಿಯೊಬ್ಬನು ಬ್ರಹ್ಮದೇಯವನ್ನು ಕೊಟ್ಟುದೂ ಇದೆ. ಇನ್ನು, ಒಂದು ಕಡೆ 32 ಕುಟುಂಬ, ಮತ್ತೊಂದು ಕಡೆ 32 ಗ್ರಾಮ. ಅರಸನ ಹೆಸರೂ ನೆಲೆಯೂ ಬದಲಾಗಿ, ಸಂಖ್ಯೆ ಮಾತ್ರ ಉಳಿದಿದೆ. ಎಣಿಸಿ ಬರೆದವರ ಲೆಕ್ಕ ಹೀಗಿರುವುದಿಲ್ಲ.

ಅಹಿಚ್ಛತ್ರವನ್ನು ನೆನೆದವರು ತಾಳಗುಂದದವರೊಬ್ಬರೇ ಅಲ್ಲ. 1121ರ ಕಲ್ಲೂರುಗುಡ್ಡದ ಶಾಸನವು ಗಂಗರ ಪೂರ್ವಿಕರನ್ನು ಆ ಪಟ್ಟಣದಲ್ಲಿ ಆಳಿಸುತ್ತದೆ. ಗಂಗರ ಹಳೆಯ ತಾಮ್ರಪಟಗಳಲ್ಲಾದರೋ ಕಾಣ್ವಾಯನಗೋತ್ರವೇ ಹೊರತು ಅಹಿಚ್ಛತ್ರವಿಲ್ಲ. ಭೈರನಮಟ್ಟಿಯ ಶಾಸನದಂತೆ ಸಿಂದರ ಮೂಲಪುರುಷನು ನಾಗರಾಜನ ಮಗನಾಗಿ ಅಲ್ಲಿಯೇ ಜನಿಸಿದನು. (‘ಅಹಿ’ಯೆಂದರೆ ಹಾವಷ್ಟೆ, ನಾಗವಂಶದವರಿಗೆ ಇದಕ್ಕಿಂತ ಒಪ್ಪುವ ಊರು ಯಾವುದು?) 11-12ನೆಯ ಶತಮಾನಗಳಲ್ಲಿ ಸಂಬಂಧವಿಲ್ಲದ ಮೂರು ಸಮುದಾಯಗಳು ಒಂದೇ ಊರನ್ನು ತವರೆಂದು ಹೇಳಿಕೊಂಡುದು, ಆ ಕಾಲದ ವಂಶಾವಳಿಕಾರರ ಪದ್ಧತಿಯನ್ನು ತಿಳಿಸುತ್ತದೆಯೇ ಹೊರತು ಮೂರು ವಲಸೆಗಳನ್ನಲ್ಲ.

ಹಾಗೆಂದು ಗ್ರಾಮಪದ್ಧತಿಯನ್ನು ಬಿಸುಡಲಾಗದು. ತನ್ನ ಕಾಲದಲ್ಲಿ ಯಾವ ಗ್ರಾಮಗಳು ಮಾನ್ಯವಾಗಿದ್ದುವು, ಯಾರಿಗೆ ಮೇಲ್ಮೆ ಸಲ್ಲುತ್ತಿದ್ದಿತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಶಿವಳ್ಳಿ, ಕೋಟ ಮೊದಲಾದ ಅದರ ಊರುಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರ ಹೆಸರು ಶಿಲಾಶಾಸನಗಳಲ್ಲಿ ಮೊದಲು ಎಂದು ಬರುತ್ತದೆಂಬುದನ್ನು ಗೊತ್ತುಮಾಡಿದರೆ, ನೆಲಸಿದವರ ಕಾಲವನ್ನು ಮಯೂರನ ಹಂಗಿಲ್ಲದೆ ವಿಚಾರಿಸಬಹುದು.