ಹಳೆಯ ಕರಾರು ರದ್ದಾಯಿತೇ?

ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಮಂದಿಗೆ ‘ಕರಾರು’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಲಾವಣಿಗೆ ಕೊಡುವಾಗ ಕರಾರು, ಮನೆ ಬಾಡಿಗೆಗೆ ಕೊಡುವಾಗ ಕರಾರು. ಆದರೆ ಒಂದು ಧರ್ಮಗ್ರಂಥದ ಹೆಸರಿನಲ್ಲಿಯೇ ಈ ಮಾತು ಇರುವುದನ್ನು ಗಮನಿಸಿದ್ದೀರಾ? ಮರಾಠಿ ಬೈಬಲ್ಲಿನ ಎರಡು ಭಾಗಗಳಿಗೆ ‘ಜುನಾ ಕರಾರ’, ‘ನವಾ ಕರಾರ’ ಎಂದು ಹೆಸರು. ಅದೇ ಗ್ರಂಥ ಕನ್ನಡದಲ್ಲಿ ‘ಹಳೆಯ ಒಡಂಬಡಿಕೆ’, ‘ಹೊಸ ಒಡಂಬಡಿಕೆ’ ಆಗುತ್ತದೆ. ಸೊಲ್ಲಾಪುರಕ್ಕೆ 1860ರ ದಶಕದಲ್ಲಿ ಅಮೆರಿಕನ್ ಮರಾಠಿ ಮಿಶನ್ ಬಂದಿತು; ಅದು ನಡೆಸಿದ ಪ್ರಾರ್ಥನೆ, ಪಾಠಗಳೆಲ್ಲ ಮರಾಠಿಯಲ್ಲಿ. ಅತ್ತ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ 1837ರಿಂದೀಚೆಗೆ ನೆಲೆ ನಿಂತ ಬಾಸೆಲ್ ಮಿಶನ್ ಕನ್ನಡದಲ್ಲಿ ಕೆಲಸ ಮಾಡಿತು. ಗಡಿಯ ಮೇಲೆ ಬಾಳುವ ನಮಗೆ ಎರಡೂ ಹೆಸರು ಕಿವಿಗೆ ಬೀಳುತ್ತವೆ.

ಎರಡು ಭಾಷೆಗಳು ಒಂದೇ ವಿಷಯದ ಎರಡು ಮಗ್ಗಲು ತೋರಿಸುತ್ತವೆ. ‘ಕರಾರು’ ಅರಬಿ ಮೂಲದ ಶಬ್ದ. ಸ್ಥಿರವಾದದ್ದು, ಗೊತ್ತುಪಡಿಸಿದ್ದು ಎಂದು ಅದರ ಅರ್ಥ. ‘ಒಡಂಬಡಿಕೆ’ ನಮ್ಮದೇ ಶಬ್ದ. ಒಡಂಬಡುವುದು, ಮನಸ್ಸು ಕೊಟ್ಟು ಒಪ್ಪುವುದು. ಹಾಗಾದರೆ ಯಾರು ಯಾರಿಗೆ ಒಪ್ಪಿದರು? ಹೊಸ ಕರಾರು ಬಂದ ಮೇಲೆ ಹಳೆಯದು ರದ್ದಾಯಿತೇ? ಕ್ರೈಸ್ತ ಸಮುದಾಯ ಹುಟ್ಟಿದ ಇಪ್ಪತ್ತು ವರ್ಷಗಳೊಳಗೆ ಅದನ್ನು ಬುಡಸಮೇತ ಅಲುಗಾಡಿಸಿದ ಪ್ರಶ್ನೆ ಇದೇ. ಇವತ್ತಿನ ಮಾತು ಅದರ ಮೇಲೆ.

ಮೊದಲು ಹಳೆಯದನ್ನು ನೋಡೋಣ. ಯೆಹೂದ್ಯರ ಗ್ರಂಥದಲ್ಲಿ ದೇವರು ಅಬ್ರಹಾಮನಿಗೆ ಒಂದು ಮಾತು ಕೊಡುತ್ತಾನೆ: ನಿನ್ನ ಸಂತತಿ ಬೆಳೆಯುತ್ತದೆ, ನಿನ್ನ ಮೂಲಕ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಸಿಗುತ್ತದೆ ಎಂದು. ಅದಕ್ಕೆ ಗುರುತಾಗಿ ಗಂಡುಮಕ್ಕಳಿಗೆ ಎಂಟನೆಯ ದಿನ ಸುನ್ನತಿ. ಮುಂದೆ ಆ ಸಂತತಿ ಐಗುಪ್ತದಲ್ಲಿ, ಅಂದರೆ ಇಂದಿನ ಈಜಿಪ್ತಿನಲ್ಲಿ, ಜೀತಕ್ಕೆ ಬೀಳುತ್ತದೆ. ಮೋಶೆಯ ಮುಂದಾಳುತನದಲ್ಲಿ ಹೊರಬಂದ ಮೇಲೆ ಸೀನಾಯಿ ಬೆಟ್ಟದಲ್ಲಿ ಅವರಿಗೆ ನಿಯಮಗಳು ಸಿಗುತ್ತವೆ. ಇವನ್ನು ಮರಾಠಿ ಬೈಬಲ್ ‘ನಿಯಮಶಾಸ್ತ್ರ’ ಎಂದರೆ, ಕನ್ನಡ ಬೈಬಲ್ ‘ಧರ್ಮಶಾಸ್ತ್ರ’ ಎನ್ನುತ್ತದೆ. ಯೆಹೂದ್ಯ ಗುರುಗಳ ಲೆಕ್ಕದಲ್ಲಿ ಒಟ್ಟು ಆಜ್ಞೆಗಳು 613. ಮಾಡಬೇಕಾದವು 248, ಮಾಡಬಾರದವು 365.

ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಬಿಡುಗಡೆ, ಆಮೇಲೆ ನಿಯಮ. ನಿಯಮ ಪಾಲಿಸಿದರೆ ಬಿಡಿಸುತ್ತೇನೆ ಎಂದು ದೇವರು ಹೇಳಲಿಲ್ಲ. ಬಿಡಿಸಿದ್ದೇನೆ, ಇನ್ನು ಹೀಗೆ ಬಾಳಿ ಎಂದ. ಆದ್ದರಿಂದ ಯೆಹೂದ್ಯರಿಗೆ ಧರ್ಮಶಾಸ್ತ್ರ ಹೊರೆಯಲ್ಲ, ಕೊಡುಗೆ. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಮಹಾರಾಷ್ಟ್ರದ ಕೊಂಕಣದಲ್ಲಿ, ಈಗಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರು ಗಾಣ ನಡೆಸಿ ಬದುಕಿದರು. ಮನೆಮಾತು ಮರಾಠಿ. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ತಮ್ಮ ಧರ್ಮಗ್ರಂಥವೇ ಕೈಯಲ್ಲಿ ಇಲ್ಲದ ಕಾಲದಲ್ಲಿಯೂ ಅವರು ಸಬ್ಬತ್ತಿನ ವಿಶ್ರಾಂತಿ, ಎಂಟನೆಯ ದಿನದ ಸುನ್ನತಿ, ಊಟದ ನಿಯಮಗಳನ್ನು ತಲೆಮಾರುಗಳುದ್ದಕ್ಕೂ ಉಳಿಸಿಕೊಂಡರು. 1948ರ ನಂತರ ಬಹಳಷ್ಟು ಮಂದಿ ಇಸ್ರೇಲಿಗೆ ಹೋದರು. ಉಳಿದ ಯೆಹೂದ್ಯ ಸಮಾಜಕ್ಕೆ 2016ರಲ್ಲಿ ಮಹಾರಾಷ್ಟ್ರ ಸರಕಾರ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು.

ಈಗ ಹೊಸದರ ಕಡೆ ಬರೋಣ. ಯೇಸು ಯೆಹೂದ್ಯ, ಅವನ ತಾಯಿ ಯೆಹೂದ್ಯಳು, ಹನ್ನೆರಡು ಶಿಷ್ಯರೂ ಯೆಹೂದ್ಯರು. ಎಂಟನೆಯ ದಿನ ಅವನಿಗೂ ಸುನ್ನತಿಯಾಯಿತು. ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದವನಲ್ಲ, ನೆರವೇರಿಸಲು ಬಂದವನು ತಾನು ಎಂದು ಅವನು ಹೇಳಿದ್ದಾಗಿ ಮತ್ತಾಯನ ಸುವಾರ್ತೆ ತಿಳಿಸುತ್ತದೆ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಎಂದು ಅವನು ಎತ್ತಿ ಹೇಳಿದ ಎರಡು ಆಜ್ಞೆಗಳೂ ಮೋಶೆಯ ಗ್ರಂಥದವೇ. ‘ಹೊಸ ಒಡಂಬಡಿಕೆ’ ಎಂಬ ಮಾತು ಕೂಡ ಕ್ರೈಸ್ತರು ಹುಟ್ಟಿಸಿದ್ದಲ್ಲ. ಯೇಸುವಿಗಿಂತ ಸುಮಾರು ಆರು ಶತಮಾನ ಮೊದಲು ಯೆರೆಮೀಯ ಎಂಬ ಯೆಹೂದ್ಯ ಪ್ರವಾದಿ ಅದನ್ನು ಆಡಿದ್ದ. ಕಲ್ಲಿನ ಮೇಲಿನ ನಿಯಮ ಹೃದಯದಲ್ಲಿ ಬರೆಯಲ್ಪಡುವ ದಿನ ಬರುತ್ತದೆ ಎಂಬುದು ಅವನ ಆಸೆ.

ಹಾಗಾದರೆ ಜಗಳ ಎಲ್ಲಿ ಹುಟ್ಟಿತು? ಊಟದ ಪಂಗತಿಯಲ್ಲಿ! ಇಂದಿನ ತುರ್ಕಿ ದೇಶದ ದಕ್ಷಿಣದಲ್ಲಿದ್ದ ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದ ಗ್ರೀಕರೂ ಯೇಸುವನ್ನು ನಂಬತೊಡಗಿದರು. ಯೆಹೂದ್ಯ ಶಿಷ್ಯರು ಅವರ ಜೊತೆ ಒಂದೇ ಪಂಗತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದಾಗ ಹಿರಿಯ ಶಿಷ್ಯನಾದ ಪೇತ್ರ ಸಂಕೋಚಪಟ್ಟು ಪಂಗತಿಯಿಂದ ಹಿಂದೆ ಸರಿದ. ಪೌಲ ಎಲ್ಲರೆದುರಿಗೇ ಅವನನ್ನು ತಡೆದು ಪ್ರಶ್ನಿಸಿದ. ಯಾರ ಜೊತೆ ಉಣ್ಣುತ್ತೇವೆ ಎಂಬುದು ಎಷ್ಟು ದೊಡ್ಡ ಮಾತು ಎಂದು ನಮ್ಮ ಹಳ್ಳಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಹೊಸದಾಗಿ ಬಂದವರು ಸುನ್ನತಿ ಮಾಡಿಸಿಕೊಳ್ಳಲೇಬೇಕೇ, ಮೋಶೆಯ ನಿಯಮಗಳನ್ನೆಲ್ಲ ಹೊರಲೇಬೇಕೇ? ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರ ಬೈಠಕ್ಕು ಕೂಡಿತು. ಬಿಸಿಬಿಸಿ ಚರ್ಚೆಯಾಯಿತು. ಪೇತ್ರ, ಬಾರ್ನಬ, ಪೌಲ ಮಾತಾಡಿದರು. ಕೊನೆಗೆ ಯೇಸುವಿನ ಸಹೋದರನೆನಿಸಿದ ಯಾಕೋಬ ತೀರ್ಪು ಹೇಳಿದ: ಅವರ ಮೇಲೆ ಸುನ್ನತಿಯ ಹೊರೆ ಬೇಡ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದರ ಮಾಂಸ, ಹಾದರ, ಈ ನಾಲ್ಕರಿಂದ ದೂರವಿದ್ದರೆ ಸಾಕು. ಈ ನಾಲ್ಕೂ ಹಳೆಯ ಗ್ರಂಥದಲ್ಲಿ ಇಸ್ರಾಯೇಲರ ನಡುವೆ ಬಾಳುವ ಪರದೇಶಿಗಳಿಗೆ ಹೇಳಿದ ನಿಯಮಗಳನ್ನು ಹೋಲುತ್ತವೆ. ಅಂದರೆ ಹೊಸಬರನ್ನು ಒಳಗೆ ಕರೆದುಕೊಳ್ಳುವ ದಾರಿಯನ್ನೂ ಹಳೆಯ ಗ್ರಂಥದಲ್ಲಿಯೇ ಹುಡುಕಿದರು.

ಹೊರಗುರುತು ಬೇಕೇ ಎಂಬ ಪ್ರಶ್ನೆ ನಮ್ಮ ಸೊನ್ನಲಿಗೆಗೂ ಹೊಸದಲ್ಲ. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಯೋಗಿಯೆನಿಸಿದ ಸಿದ್ಧರಾಮೇಶ್ವರರು ಕಲ್ಯಾಣಕ್ಕೆ ಹೋದಾಗ, ಅಂಥವರಿಗೂ ಇಷ್ಟಲಿಂಗ ದೀಕ್ಷೆ ಬೇಕೇ ಎಂಬ ಚರ್ಚೆ ಎದ್ದುದನ್ನು ಶೂನ್ಯಸಂಪಾದನೆಯಲ್ಲಿ ಕಾಣುತ್ತೇವೆ. ಅಲ್ಲಿ ಬೇಕು ಎಂದಾಯಿತು, ಚೆನ್ನಬಸವಣ್ಣನವರಿಂದ ದೀಕ್ಷೆಯಾಯಿತು. ಯೆರೂಸಲೇಮಿನಲ್ಲಿ ಬೇಡ ಎಂದಾಯಿತು. ಎರಡು ಪ್ರಸಂಗಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಳಗಿನ ಭಕ್ತಿಗೂ ಹೊರಗಿನ ಗುರುತಿಗೂ ಏನು ಸಂಬಂಧ ಎಂದು ಎರಡೂ ಕಡೆ ಹಿರಿಯರು ತಲೆ ಕೆಡಿಸಿಕೊಂಡರು, ಅಷ್ಟೇ.

ಈ ತೀರ್ಪಿಗೆ ಪೌಲ ಕೊಟ್ಟ ಸಮರ್ಥನೆ ಕೋರ್ಟು ಕಚೇರಿ ಕಂಡ ನಮ್ಮ ರೈತರಿಗೆ ಚೆನ್ನಾಗಿ ತಿಳಿಯುವಂಥದ್ದು. ಒಡಂಬಡಿಕೆಗೆ ಅವನು ಬಳಸಿದ ಗ್ರೀಕ್ ಶಬ್ದ ‘ದಿಯಾಥೇಕೆ’. ಅದಕ್ಕೆ ಮೃತ್ಯುಪತ್ರ ಎಂಬ ಅರ್ಥವೂ ಉಂಟು. ಮೃತ್ಯುಪತ್ರ ಒಮ್ಮೆ ಪಕ್ಕಾ ಆದ ಮೇಲೆ ಇನ್ನೊಬ್ಬರು ಅದನ್ನು ರದ್ದು ಮಾಡಲಾಗದು, ಹೊಸ ಶರತ್ತು ಸೇರಿಸಲೂ ಆಗದು. ದೇವರು ಅಬ್ರಹಾಮನಿಗೆ ಮಾತು ಕೊಟ್ಟದ್ದು ಮೊದಲು. ಧರ್ಮಶಾಸ್ತ್ರ ಬಂದದ್ದು 430 ವರ್ಷಗಳ ನಂತರ. ನಂತರದ್ದು ಮೊದಲಿನದನ್ನು ಅಳಿಸಲಾರದು ಎಂದು ಗಲಾತ್ಯದವರಿಗೆ ಅವನು ಬರೆದ. ಅಬ್ರಹಾಮ ನಂಬಿದ್ದು ಕೂಡ ಸುನ್ನತಿಗಿಂತ ಮುಂಚೆ. ಆದ್ದರಿಂದ ಸುನ್ನತಿಯಾದವರಿಗೂ ಆಗದವರಿಗೂ ಅವನೇ ತಂದೆ ಎಂಬುದು ಪೌಲನ ವಾದ.

ಹಾಗೆಂದು ಪೌಲ ಯೆಹೂದ್ಯರಿಗೆ ನಿಮ್ಮ ಆಚಾರ ಬಿಡಿ ಎನ್ನಲಿಲ್ಲ. ತಾಯಿ ಯೆಹೂದ್ಯಳಾಗಿದ್ದ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದ. ಗ್ರೀಕನಾದ ತೀತನಿಗೆ ಮಾಡಿಸಲು ಒಪ್ಪಲಿಲ್ಲ. ಗ್ರೀಕ ಯೆಹೂದ್ಯನಾಗಬೇಕಿಲ್ಲ, ಯೆಹೂದ್ಯ ಗ್ರೀಕನಾಗಬೇಕಿಲ್ಲ.

ಇನ್ನೂ ಒಂದು ಉಪಮೆ ಕೊಟ್ಟ. ಬೋರೆಗೆ, ಮಾವಿಗೆ ನಾವು ಕಸಿ ಕಟ್ಟುವಾಗ ಕಾಡುಗಿಡದ ಬೇರಿನ ಮೇಲೆ ಒಳ್ಳೆಯ ಜಾತಿಯ ಕಣ್ಣು ಕೂಡಿಸುತ್ತೇವೆ. ಪೌಲ ಇದನ್ನು ತಿರುವುಮುರುವು ಮಾಡಿದ: ಇಸ್ರಾಯೇಲ್ ಎಂಬ ಊರ ಆಲಿವ್ ಮರಕ್ಕೆ ಕಾಡು ಆಲಿವ್ ಕೊಂಬೆಯ ಕಸಿಯಾಗಿದೆ. ಇದು ಸಹಜಕ್ಕೆ ವಿರುದ್ಧ ಎಂದು ಅವನೂ ಬಲ್ಲ. ಹೊಸಬರಿಗೆ ಅವನು ಹೇಳಿದ್ದು ಇಷ್ಟು: ಕೊಂಬೆಯೇ, ಜಂಬ ಪಡಬೇಡ, ಬೇರನ್ನು ನೀನು ಹೊತ್ತಿಲ್ಲ, ಬೇರು ನಿನ್ನನ್ನು ಹೊತ್ತಿದೆ.

ಈ ಎಚ್ಚರಿಕೆಯನ್ನು ಮುಂದಿನವರು ಮರೆತರು. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಯೆಹೂದ್ಯರ ಗ್ರಂಥವೇ ಬೇಡ, ಕಿತ್ತು ಹಾಕಿ ಎಂದ. ರೋಮಿನ ಸಭೆ ಸುಮಾರು ಕ್ರಿ.ಶ. 144ರಲ್ಲಿ ಅವನನ್ನೇ ಹೊರಗೆ ಹಾಕಿತು. ಇವತ್ತು ಎರಡೂ ಕರಾರುಗಳು ಒಂದೇ ರಟ್ಟಿನೊಳಗೆ ಇರುವುದು ಆ ನಿಲುವಿನಿಂದ. ಆದರೂ ಹಳೆಯ ಕರಾರು ರದ್ದಾಯಿತು, ದೇವರು ಯೆಹೂದ್ಯರನ್ನು ಕೈಬಿಟ್ಟ ಎಂಬ ಬೋಧನೆ ಶತಮಾನಗಟ್ಟಲೆ ನಡೆಯಿತು. ಯುರೋಪಿನಲ್ಲಿ ಯೆಹೂದ್ಯರ ಮೇಲೆ ನಡೆದ ದ್ವೇಷ, ಹಿಂಸೆಗಳಿಗೆ ಅದು ಇಂಬು ಕೊಟ್ಟಿತು. 1965ರಲ್ಲಿ ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ, ಯೆಹೂದ್ಯರನ್ನು ದೇವರು ತ್ಯಜಿಸಿದವರು ಎಂದು ಬಿಂಬಿಸಕೂಡದು ಎಂದು ಸ್ಪಷ್ಟವಾಗಿ ಸಾರಿತು. ಅದಕ್ಕೆ ಆಧಾರವಾದದ್ದು ಪೌಲನ ಅದೇ ಪತ್ರ. ಯೆಹೂದ್ಯರಂತೂ ತಮ್ಮ ಗ್ರಂಥವನ್ನು ‘ಹಳೆಯದು’ ಎಂದು ಕರೆಯುವುದೇ ಇಲ್ಲ. ಅವರಿಗೆ ಅದು ಇಂದಿಗೂ ನಡೆಯುತ್ತಿರುವ ಒಡಂಬಡಿಕೆ.

ಅಂತಿಯೋಕ್ಯದ ಪ್ರಶ್ನೆ ನಮ್ಮ ನೆಲದಲ್ಲಿಯೂ ಬೇರೆ ರೂಪದಲ್ಲಿ ಎದ್ದಿತು. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ದೌಂಡ್ ದಾಟಿದ ಮೇಲೆ ಕೇಡಗಾಂವ ಸಿಗುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಇರುವುದು ಅಲ್ಲಿಯೇ. 1858ರಲ್ಲಿ ನಮ್ಮ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿದ ಈ ವಿದುಷಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಶಾಕಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇ ಏಕೆ, ಸಂಸ್ಕೃತ ಏಕೆ ಬೇಡ ಎಂದು ಅಲ್ಲಿಯ ಗುರುಗಳನ್ನು ಕೇಳಿದರು. ಕ್ರೈಸ್ತಳಾಗಲು ಇಂಗ್ಲಿಷರವಳಾಗಬೇಕೇ ಎಂಬುದೇ ಅದರ ತಾತ್ಪರ್ಯ. ಮುಂದೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. 1922ರಲ್ಲಿ ಅವರು ತೀರಿಕೊಂಡ ಮೇಲೆ, 1924ರಲ್ಲಿ ಅದು ಪ್ರಕಟವಾಯಿತು.

ಒಂದೇ ಪಂಗತಿ ಎಂಬ ತೀರ್ಪು ಎಲ್ಲ ಕಡೆ ನಡೆಯಿತೇ ಎಂದರೆ, ಇಲ್ಲ. ಭಾರತದ ಎಷ್ಟೋ ಚರ್ಚುಗಳೊಳಗೆ ಜಾತಿಯ ಸಾಲುಗಳು ಉಳಿದುಕೊಂಡವು, ಬೇರೆ ಬೇರೆ ಸ್ಮಶಾನಗಳೂ ಆದವು. ಪೇತ್ರ ಪಂಗತಿಯಿಂದ ಎದ್ದ ಕಥೆಯನ್ನು ಅವರೂ ಓದುತ್ತಾರೆ, ನಾವೂ ಕೇಳಿದೆವು.

ಮನೆಯಲ್ಲಿ ಕನ್ನಡ, ಶಾಲೆ ಕಚೇರಿಯಲ್ಲಿ ಮರಾಠಿ ಆಡುತ್ತ ಬಾಳುವ ನಮಗೆ ಈ ಹಳೆಯ ವಾದದಲ್ಲಿ ಒಂದು ಪರಿಚಿತ ದನಿ ಕೇಳಿಸುತ್ತದೆ. ಹೊಸ ಮನೆಯೊಳಗೆ ಬರುವವನು ತನ್ನದನ್ನೆಲ್ಲ ಹೊಸ್ತಿಲಾಚೆ ಕಳಚಿಟ್ಟು ಬರಬೇಕೇ? ಮೊದಲಿನಿಂದ ಆ ಮನೆಯಲ್ಲಿದ್ದವನ ಹಕ್ಕು ಹೊಸಬ ಬಂದೊಡನೆ ಮುಗಿಯಿತೇ? ಎರಡಕ್ಕೂ ಇಲ್ಲ ಎಂದು ಉತ್ತರಿಸಲು ಯೆರೂಸಲೇಮಿನ ಹಿರಿಯರು ಜಗಳವಾಡಿಯೇ ಕಲಿಯಬೇಕಾಯಿತು. ನಿಮ್ಮ ಊರಿನ ಕ್ರೈಸ್ತ ನೆರೆಯವರು ಮುಂದೆಂದಾದರೂ ‘ಜುನಾ ಕರಾರ’ ಎಂದಾಗ, ಅದರೊಳಗೆ ಏನಿದೆ ಎಂದು ಅವರನ್ನೇ ಕೇಳಿ ನೋಡಿ.